ಕೈ ಎತ್ತುವುದಿಲ್ಲ ಎಂಬುದಕ್ಕೆ ಜಾಮೀನು

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕದ ಮೊಳೆಗೆ ಒಂದು ಉಪ್ಪಿನ ಗಂಟು ಯಾವಾಗಲೂ ತೂಗುತ್ತಿತ್ತು. ಹಳೆಯ ಸೀರೆಯ ತುಂಡಿನಲ್ಲಿ ಹರಳುಪ್ಪು ಕಟ್ಟಿದ ಗಂಟು. ಅದನ್ನು ರೊಟ್ಟಿಯ ಹಂಚಿನ ಮೇಲಿಟ್ಟು ಬಿಸಿ ಮಾಡಿ, ಹೊಡೆತ ತಿಂದು ಬಂದ ಹೆಣ್ಣುಮಕ್ಕಳ ಬೆನ್ನಿಗೆ, ಸೊಂಟಕ್ಕೆ, ದವಡೆಗೆ ಅವ್ವ ಕಾವು ಕೊಡುತ್ತಿದ್ದಳು. ಅವರೆಲ್ಲ ಅಪ್ಪನ ಹತ್ತಿರ ನ್ಯಾಯ ಕೇಳಲು ಬಂದವರು. ಹೊರಗೆ ಪಡಸಾಲೆಯಲ್ಲಿ ಗಂಡಸರು ಚಹಾ ಕುಡಿಯುತ್ತ ನ್ಯಾಯ ಮಾಡುತ್ತಿದ್ದರು. ಯಾರ ನ್ಯಾಯವೋ ಆಕೆ ಒಳಗೆ ನಮ್ಮ ಒಲೆಯ ಮುಂದೆ ಕುಪ್ಪಸ ಸಡಿಲಿಸಿ ಕೂತಿರುತ್ತಿದ್ದಳು. ಸಾವಳಗಿಯಿಂದ ಬಂದ ಒಬ್ಬಾಕೆಯ ಎರಡು ಮುಂದಿನ ಹಲ್ಲುಗಳನ್ನು ಗಂಡ ಹಿತ್ತಾಳೆಯ ಚರಿಗೆಯಿಂದ ಮುರಿದಿದ್ದ. ರಬಕವಿಯ ಇನ್ನೊಬ್ಬಾಕೆಯ ಹೆಬ್ಬೆರಳನ್ನು ಹಿಂದಕ್ಕೆ ಮಡಚಿ ಕೀಲು ತಪ್ಪಿಸಿದ್ದರು. ನಾನಾಗ ಡಿಗ್ರಿ ಓದಲು ದಿನಾ ಜಮಖಂಡಿಗೆ ಹೋಗಿಬರುತ್ತಿದ್ದೆ. ಸಂಜೆ ಬಂದು ನೋಡಿದರೆ ಒಲೆಯ ಮುಂದೆ ಯಾರಾದರೂ ಒಬ್ಬರು ಇದ್ದೇ ಇರುತ್ತಿದ್ದರು. ಗಂಟು ತಣ್ಣಗಾಗಲು ಪುರಸೊತ್ತು ಇರಲಿಲ್ಲ.

ಅಪ್ಪ ಬನಹಟ್ಟಿಯಲ್ಲಿ ನೇಕಾರರದೇ ಆದ ಒಂದು ಸಣ್ಣ ಸಹಕಾರಿ ಬ್ಯಾಂಕಿನ ಮ್ಯಾನೇಜರ್. ಅಜ್ಜ ಕುಣಿಮಗ್ಗದಲ್ಲಿ ಕೂತು ಸೀರೆ ನೇಯ್ದವನು. ಮೇಜಿನ ಹಿಂದೆ ಕೂತರೂ ಅಪ್ಪನ ಕಿವಿ ಮಗ್ಗದ ಮೇಲೆಯೇ ಇರುತ್ತಿತ್ತು. ಓಣಿಯಲ್ಲಿ ನಡೆಯುವಾಗ, ಈ ಮನೆಯ ಪವರ್‌ಲೂಮ್ ಸರಿಯಾಗಿ ಓಡುತ್ತಿಲ್ಲ, ಏನೋ ಕೆಟ್ಟಿದೆ ಎಂದು ಒಳಗೆ ಹೋಗಿ ಹೇಳಿ ಬರುತ್ತಿದ್ದ. ಬಸ್ಸಿಗೆ ಕಾಯುವವರಿಗೆಂದು ಬ್ಯಾಂಕಿನ ಮುಂದೆ ನೀರಿನ ನಳ ಹಾಕಿಸಿದವನು ಅವನು. ಊರಿನಲ್ಲಿ ಯಾರಿಗಾದರೂ ರಕ್ತ ಬೇಕಾದರೆ ಮೊದಲ ಫೋನು ನಮ್ಮ ಮನೆಗೆ ಬರುತ್ತಿತ್ತು. ಮನೆಯಲ್ಲೂ ಹಾಗೆಯೇ. ಅವ್ವನಿಗೆ ಟೈಫಾಯ್ಡ್ ಆಗಿದ್ದ ತಿಂಗಳು ನನ್ನ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿ ಕಾಲೇಜಿಗೆ ಕಳಿಸಿದ್ದು ಅಪ್ಪ. ಜಡೆ ಒಂದು ಮೇಲೆ, ಒಂದು ಕೆಳಗೆ. ಗೆಳತಿಯರು ನಕ್ಕರೂ ನಾನು ಬಿಚ್ಚಿರಲಿಲ್ಲ. ನಮ್ಮ ಮೇಲೆ ಅವನು ಒಂದು ದಿನವೂ ಕೈ ಎತ್ತಿದವನಲ್ಲ. ತೇರದಾಳದ ರಸ್ತೆಯಲ್ಲಿ ಸ್ಕೂಟರು ಕಲಿಸುವಾಗ ನಾನು ಅವನನ್ನು ಎರಡು ಸಲ ಬೀಳಿಸಿದರೂ ಪ್ಯಾಂಟಿನ ಮಣ್ಣು ಝಾಡಿಸಿಕೊಂಡು ಮತ್ತೆ ಹಿಂದೆ ಹತ್ತಿ ಕೂತಿದ್ದ.

ಬ್ಯಾಂಕಿನಲ್ಲಿ ಅವನಿಗೆ ಒಂದೇ ನಂಬಿಕೆ: ಜಾಮೀನು. ಮನುಷ್ಯ ಸರಕಾರಕ್ಕೆ ಹೆದರುವುದಿಲ್ಲ, ದೇವರಿಗೂ ಹೆದರುವುದಿಲ್ಲ. ತನ್ನ ಪರವಾಗಿ ಸಹಿ ಹಾಕಿದ ಇಬ್ಬರು ಹಿರಿಯರ ಎದುರು ಮಾತ್ರ ತಲೆ ತಗ್ಗಿಸುತ್ತಾನೆ ಎಂದು ಅವನ ಲೆಕ್ಕ. ಆ ನಂಬಿಕೆಯನ್ನು ಅವನು ಬ್ಯಾಂಕಿನಲ್ಲಿಯೇ ಬಿಟ್ಟು ಬಂದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯ ಬರುತ್ತಿರಲಿಲ್ಲ. ಅವನು ಅದನ್ನು ಗಂಡ ಹೆಂಡಿರ ನಡುವೆ ತಂದ. ಹೊಡೆದ ಗಂಡನನ್ನು ಪಡಸಾಲೆಗೆ ಕರೆಸುವುದು. ಅವನ ಓಣಿಯ ಇಬ್ಬರು ಮರ್ಯಾದಸ್ಥರನ್ನು ಕೂಡಿಸುವುದು. ಬಾಂಡ್ ಕಾಗದದ ಮೇಲೆ, ಇನ್ನು ಮುಂದೆ ಹೆಂಡತಿಯ ಮೇಲೆ ಕೈ ಎತ್ತುವುದಿಲ್ಲ, ಎತ್ತಿದರೆ ನಾವು ಹೊಣೆ ಎಂದು ಆ ಇಬ್ಬರಿಂದ ಸಹಿ ಮಾಡಿಸುವುದು. ನ್ಯಾಯ ಎರಡೂ ಕಡೆ ಸಮನಾಗಿರಬೇಕೆಂದು ಹೆಣ್ಣಿನ ತಂದೆಯೂ ಒಂದು ಸಹಿ ಹಾಕಬೇಕು: ಮಗಳು ಸಿಟ್ಟಿನ ಕೈಯಲ್ಲಿ ಬುದ್ಧಿ ಕೊಟ್ಟು ಮನೆ ಬಿಟ್ಟು ಬರುವುದಿಲ್ಲ, ಏನಾದರೂ ಆದರೆ ಮೊದಲು ಜಾಮೀನುದಾರರ ಮನೆಗೆ ಹೋಗಿ ಹೇಳುತ್ತಾಳೆ. ಆಮೇಲೆ ಆಕೆಗೆ ಉಡಿ ತುಂಬಿ ಬಸ್ಸಿಗೆ ಹತ್ತಿಸುವುದು. ಕಾಗದಗಳೆಲ್ಲ ಅಪ್ಪನ ತಗಡಿನ ಟ್ರಂಕಿನಲ್ಲಿ ಇರುತ್ತಿದ್ದವು.

ಸುತ್ತಲಿನ ಊರುಗಳಲ್ಲಿ ಅಪ್ಪನಿಗೆ ಇದರಿಂದ ಬಂದ ಹೆಸರು ಬ್ಯಾಂಕಿನಿಂದಲೂ ಬಂದಿರಲಿಲ್ಲ. ಮುರಿದ ಮನೆ ಕೂಡಿಸುವ ಸಾಹೇಬರು ಎನ್ನುತ್ತಿದ್ದರು. ಕೆಲವು ಮನೆ ಕೂಡಿದ್ದೂ ಸುಳ್ಳಲ್ಲ. ಪಡಸಾಲೆಯಲ್ಲಿ ಕೂತ ಹಿರಿಯರು ಏಳುವ ಮುಂದೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಎಂದು ಹೇಳಿಯೇ ಏಳುತ್ತಿದ್ದರು. ಹಲ್ಲು ಮುರಿದಾಕೆ ಏನನ್ನು ಹೇಗೆ ಅಗಿದು ಉಣ್ಣಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ನಾನೂ ಕೇಳಲಿಲ್ಲ. ಆಗ ನನಗೆ ಅಪ್ಪ ಎಂದರೆ ಹೆಮ್ಮೆ.

ನನ್ನನ್ನು ಮುಧೋಳಕ್ಕೆ ಕೊಟ್ಟರು. ಕೊಳವೆಬಾವಿಯ ಪೈಪು, ಪಂಪ್‌ಸೆಟ್ಟು ಮಾರುವ ಅಂಗಡಿಯ ಮನೆ. ಹುಡುಗ ನೋಡಲು ಚೆನ್ನಾಗಿದ್ದ, ಮಾತು ಮೆದು, ಕುಡಿಯುವ ಚಟ ಇಲ್ಲ. ಕುಡಿದು ಹೊಡೆಯುವವನಾದರೆ ಕುಡಿಯದ ದಿನ ಒಂದಿಷ್ಟು ಉಸಿರಾಡಬಹುದು. ಇವನದು ಹಾಗಲ್ಲ. ಮದುವೆಯಾಗಿ ಮೂರನೆಯ ತಿಂಗಳು, ಅಂಗಡಿಗೆ ಫೋನು ಬಂದಾಗ ನಾನು ತೆಗೆದುಕೊಂಡು ಗಿರಾಕಿಯ ಜೊತೆ ಎರಡು ಮಾತು ನಕ್ಕು ಆಡಿದೆ ಎಂದು ಮೊದಲ ಏಟು ಬಿತ್ತು. ಕಪಾಳಕ್ಕೆ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ತಿರುಗಿ ಅವನ ಅಂಗಿಯ ಕಾಲರು ಹಿಡಿದೆ. ಅದು ಅವನಿಗೆ ಹೊಸದು. ಅವತ್ತು ಅವನು ಅಂಗಡಿಯಿಂದ ತಂದಿಟ್ಟಿದ್ದ ಕರಿಯ ಪೈಪಿನ ತುಂಡು ಕೈಗೆ ತೆಗೆದುಕೊಂಡ. ಆ ಪೈಪು ಮೂಳೆ ಮುರಿಯುವಷ್ಟು ಗಟ್ಟಿಯಲ್ಲ, ಆದರೆ ಬಿದ್ದ ಕಡೆ ಚರ್ಮ ಎದ್ದು ಬರುತ್ತದೆ. ಎರಡನೆಯ ಏಟು ಅದೇ ಗೆರೆಯ ಮೇಲೆ ಬಿದ್ದರೆ ಚರ್ಮ ಒಡೆಯುತ್ತದೆ. ಅತ್ತೆ ಟಿವಿಯ ಸದ್ದು ಹೆಚ್ಚಿಸಿದಳು.

ಮರುದಿನ ಬೆಳಿಗ್ಗೆ ಮಹಾಲಿಂಗಪುರದ ಮೇಲೆ ಹಾಯುವ ಬಸ್ಸು ಹಿಡಿದು ಮನೆಗೆ ಬಂದೆ. ಕಂಡಕ್ಟರ್ ನನ್ನ ಮುಖ ನೋಡಿ ತನ್ನ ಸೀಟು ಬಿಟ್ಟುಕೊಟ್ಟ. ಅಪ್ಪ ಬ್ಯಾಂಕಿಗೆ ಹೊರಡಲು ಬೂಟು ಹಾಕಿಕೊಳ್ಳುತ್ತಿದ್ದ. ನನ್ನನ್ನು ನೋಡಿ ಎದ್ದು ನಿಂತ, ಮತ್ತೆ ಕೂತ. ಊಟ ಆಯಿತೇ ಎಂದು ಕೇಳಿದ. ಏನಾಯಿತು ಎಂದು ಕೇಳಲಿಲ್ಲ. ಅವ್ವ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ ಕುಪ್ಪಸ ಎತ್ತಿ ಬೆನ್ನು ನೋಡಿದಳು. ಇಷ್ಟು ವರ್ಷ ಯಾರ ಯಾರ ಬೆನ್ನಿಗೋ ಇಟ್ಟ ಗಂಟನ್ನು ಅವತ್ತು ಅವಳು ಕೈಯಲ್ಲಿ ಹಿಡಿಯಲಾರದೆ ಎರಡು ಸಲ ಬೀಳಿಸಿದಳು.

ಮೂರು ದಿನ ಅಪ್ಪ ಬೆಳಿಗ್ಗೆ ಹೊರಟರೆ ರಾತ್ರಿಯೇ ಮನೆಗೆ ಬರುತ್ತಿದ್ದ. ನಾಲ್ಕನೆಯ ದಿನ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಅದನ್ನು ನೋಡಿ ಅವ್ವ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಪರಗಂಡಸರ ಎದುರು ಅವಳು ಹಾಗೆ ನಿಂತದ್ದು ನಾನು ನೋಡಿರಲಿಲ್ಲ.

“ಇಕಿ ನಿಮ್ಮ ಮಗಳ್ರಿ,” ಎಂದಳು.

ಅಪ್ಪ ತಲೆ ಎತ್ತಲಿಲ್ಲ. “ಮಂದಿ ಹೆಣ್ಣಮಕ್ಕಳನ್ನ ಇದ ಜಾಮೀನಿನ ಮ್ಯಾಲೆ ಕಳಸೇನಿ. ನನ್ನ ಮಗಳಿಗಿ ಬ್ಯಾರೆ ಕಾಯ್ದೆ ಮಾಡಿದ್ರ ನಾಳೆ ಅವರ ಮಾರಿ ಹೆಂಗ ನೋಡ್ಲಿ?”

ಮುಧೋಳದಿಂದ ಇಬ್ಬರು ಬಂದಿದ್ದರು. ಒಬ್ಬ ನನ್ನ ಗಂಡನ ಚಿಕ್ಕಪ್ಪ. ಇನ್ನೊಬ್ಬ ಅವರ ಓಣಿಯ ಬೆಲ್ಲದ ವ್ಯಾಪಾರಿ. ಬಿಳಿ ಧೋತರ, ಹಣೆಯ ಮೇಲೆ ಮೂರು ಬೆರಳು ವಿಭೂತಿ, ಆ ಊರಿನಲ್ಲಿ ಅವನ ಮಾತು ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ ಎನ್ನುತ್ತಿದ್ದರು. ಅಪ್ಪ ಮೊದಲೇ ಅವನ ಮನೆಗೆ ಹೋಗಿ ಕೂತು ಮಾತಾಡಿ, ನಾಲ್ಕು ಜನರಲ್ಲಿ ವಿಚಾರಿಸಿ ಬಂದಿದ್ದ. ಕಾಗದವನ್ನು ಓದಿ ಹೇಳಿದರು. ನನ್ನ ಗಂಡ ತಲೆ ಬಾಗಿಸಿ ಸಹಿ ಹಾಕಿದ. ಆ ಇಬ್ಬರು ಹಾಕಿದರು. ಕೊನೆಗೆ ಅಪ್ಪ ತನ್ನ ಪೆನ್ನು ತೆಗೆದು, ನಾನು ಮನೆ ಬಿಟ್ಟು ಬರುವುದಿಲ್ಲ ಎಂಬುದಕ್ಕೆ ತನ್ನ ಸಹಿ ಹಾಕಿದ. ನನ್ನನ್ನು ಒಂದು ಮಾತು ಕೇಳಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಕಿಟಕಿಯಿಂದ ಬಾಳೆಹಣ್ಣು ಕೊಟ್ಟ. ನಾನು ಅದನ್ನು ಅಲ್ಲಿಯೇ ಅವನ ಕಾಲ ಬುಡಕ್ಕೆ ಎಸೆದೆ. ಅವನು ಬಾಗಿ ಆರಿಸಿಕೊಂಡ.

ಎರಡನೆಯ ಸಲ ಕೈ ಮುರಿಯಿತು. ದೀಪಾವಳಿಯ ಮೊದಲು, ಎಡಗೈಯ ಮಣಿಕಟ್ಟು. ಪೈಪು ಸಾಲಲಿಲ್ಲವೆಂದೋ ಏನೋ, ಕೈಯನ್ನು ಕಪಾಟಿನ ಬಾಗಿಲ ನಡುವೆ ಇಟ್ಟು ಬಾಗಿಲು ದೂಡಿದ. ಜಾರಿ ಬಿದ್ದಳು ಎಂದು ಡಾಕ್ಟರಿಗೆ ಹೇಳಿದರು. ನಾನು ಡಾಕ್ಟರ ಎದುರಿಗೇ ಸುಳ್ಳು ಎಂದು, ಅಲ್ಲಿಂದಲೇ ಬಸ್ಸು ಹಿಡಿದು ತವರಿಗೆ ಬಂದೆ. ಜಾಮೀನುದಾರರು ಮತ್ತೆ ಬನಹಟ್ಟಿಗೆ ಬಂದು ಕೈ ಮುಗಿದು ಕ್ಷಮೆ ಕೇಳಿದರು. ಹೊಸ ಕಾಗದ, ಹಳೆಯ ಮಾತು. ಪ್ಲಾಸ್ಟರು ಹಾಕಿದ ಕೈಯನ್ನು ಕೊರಳಿಗೆ ಕಟ್ಟಿಕೊಂಡೇ ನಾನು ಹೋದೆ. ಅವತ್ತು ಬಸ್ಸಿನಲ್ಲಿ ಅಪ್ಪನಿಗೂ ಒಮ್ಮೆ ಹೀಗೆಯೇ ಯಾರಾದರೂ ಮೂಳೆ ಮುರಿಯಲಿ, ಆಗ ತಿಳಿಯುತ್ತದೆ ಎಂದು ಶಾಪ ಹಾಕಿದೆ. ಹಾಕಿದ್ದು ಮನಸ್ಸಿನಲ್ಲಿ ಅಲ್ಲ, ಬಾಯಿ ಬಿಟ್ಟೇ. ಪಕ್ಕದಲ್ಲಿ ಕೂತ ಮುದುಕಿ ಗಾಬರಿಯಾಗಿ ಬೇರೆ ಸೀಟಿಗೆ ಹೋದಳು.

ಮೂರನೆಯದು ಬೇಸಿಗೆಯ ಒಂದು ಮಧ್ಯಾಹ್ನ. ಊಟಕ್ಕೆ ಬಂದವನು ಉಣ್ಣುತ್ತಲೇ ಎದ್ದು ಬಂದು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲ ಚೌಕಟ್ಟಿಗೆ ಬಡಿದ. ಕಾರಣ ಇತ್ತು, ನನಗೆ ನೆನಪಿಲ್ಲ, ನೆನಪಿಡುವಂಥದ್ದೂ ಅಲ್ಲ. ಆಮೇಲೆ ಎಡಗಿವಿಯ ಮೇಲೆ ಅಂಗೈಯಿಂದ ಹೊಡೆದ. ಒಳಗೆ ಏನೋ ಹರಿದ ಸದ್ದಾಯಿತು, ಆ ಕಿವಿ ಕೇಳಿದ ಕೊನೆಯ ಸದ್ದು ಅದೇ. ರಕ್ತ ಕೊರಳಿಗೆ ಇಳಿಯುತ್ತಿತ್ತು. ಅವನು ಕೈ ತೊಳೆದುಕೊಂಡು ಅಂಗಡಿಗೆ ಹೋದ. ಏನಾದರೂ ಆದರೆ ಮೊದಲು ಜಾಮೀನುದಾರರ ಮನೆಗೆ ಹೋಗಬೇಕೆಂದು ಅಪ್ಪ ಸಹಿ ಹಾಕಿದ್ದ. ಅಪ್ಪನ ಮಾತು ನಾನು ಉಳಿಸಿದೆ. ಸೆರಗಿನಿಂದ ಕಿವಿ ಒತ್ತಿಕೊಂಡು ಮೂರು ಓಣಿ ದಾಟಿ ಬೆಲ್ಲದ ವ್ಯಾಪಾರಿಯ ಮನೆಗೆ ಹೋದೆ.

ಬಾಗಿಲು ತೆಗೆದದ್ದು ಅವನ ಹೆಂಡತಿ. ಅವ್ವನ ವಯಸ್ಸಿನಾಕೆ, ತಲೆಯ ಮೇಲೆ ಸೆರಗು. ಆಕೆ ಗಾಬರಿಯಾಗಲಿಲ್ಲ. ಬಾಯಿಯ ಮೇಲೆ ಬೆರಳಿಟ್ಟು, ಯಜಮಾನರು ಉಂಡು ಮಲಗಿದ್ದಾರೆ ಎಂದು ಸನ್ನೆ ಮಾಡಿ, ನನ್ನನ್ನು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಕರೆದುಕೊಂಡು ಹೋದಳು. ಅಲ್ಲಿ ಒಲೆಯ ಪಕ್ಕದ ಮೊಳೆಗೆ ಉಪ್ಪಿನ ಗಂಟು ತೂಗುತ್ತಿತ್ತು. ಬಟ್ಟೆ ಸುಟ್ಟು ಕಪ್ಪಾಗಿತ್ತು. ಎಷ್ಟೋ ಸಲ ಹಂಚಿನ ಮೇಲೆ ಕೂತ ಗಂಟು. ನಾನು ಅದನ್ನೇ ನೋಡುತ್ತ ನಿಂತೆ. ಆಕೆ ಗಂಟು ಇಳಿಸಿ ಹಂಚಿಗೆ ಹಾಕಿ, ನನ್ನ ಕಡೆಗೆ ಬೆನ್ನು ಮಾಡಿ ಸೆರಗು ಸರಿಸಿದಳು. ಹಳೆಯ ಗೆರೆ, ಹೊಸ ಗೆರೆ. ಹೆಗಲ ಹತ್ತಿರ ಒಂದು ಸುಟ್ಟ ಗಾಯ ಇನ್ನೂ ಹಸಿ ಇತ್ತು. ಬೇಲಿ ಎದ್ದು ಹೊಲ ಮೇಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಅವತ್ತು ಕಣ್ಣಾರೆ ನೋಡಿದೆ.

“ನಿಮ್ಮಪ್ಪ ನಮ್ಮನಿಗಿ ಬಂದು ಚಾ ಕುಡದು ಹೋದ್ರು ತಂಗಿ,” ಎಂದಳು. “ಚಾ ತಂದ ಕೊಟ್ಟಾಕಿ ನಾನ. ಒಮ್ಮೆರೆ ನನ್ನ ಮಾರಿ ನೋಡಿದ್ರ ಸಹಿ ತಗೋತಿರ್ಲಿಲ್ಲ.”

ನನ್ನ ಕಿವಿಗೆ ಅರಿವೆ ಕಟ್ಟಿ, ಆಕೆ ಚಪ್ಪಲಿ ಮೆಟ್ಟಿಕೊಂಡಳು. ನಾವಿಬ್ಬರೂ ಹಿಂದಿನ ಬಾಗಿಲಿನಿಂದ ಹೊರಬಿದ್ದು ಬಸ್ಸು ಹತ್ತಿದೆವು. ಮಹಾಲಿಂಗಪುರದಲ್ಲಿ ಬಸ್ಸು ನಿಂತಾಗ ಆಕೆ ನನಗೆ ಸೋಡಾ ಕುಡಿಸಿದಳು. ಬನಹಟ್ಟಿಯಲ್ಲಿ ಇಳಿದು ನಾನು ಮನೆಯ ಕಡೆ ತಿರುಗಿದರೆ, ಮನೆಗಲ್ಲ ಬ್ಯಾಂಕಿಗೆ ನಡೆ ಎಂದಳು.

ಬ್ಯಾಂಕು ಇನ್ನೂ ಮುಚ್ಚಿರಲಿಲ್ಲ. ನಾಲ್ಕಾರು ನೇಕಾರರು ಸಾಲಿನಲ್ಲಿ ನಿಂತಿದ್ದರು. ಅಪ್ಪ ಗಾಜಿನ ಆಚೆ ಮೇಜಿನ ಹಿಂದೆ ಕೂತು ಯಾರದೋ ಅರ್ಜಿ ಓದುತ್ತಿದ್ದ. ರಕ್ತ ಹತ್ತಿದ ನನ್ನ ಕುಪ್ಪಸ ನೋಡಿ ಸಾಲು ತಾನಾಗಿ ಒಡೆಯಿತು. ಅಪ್ಪ ಎದ್ದು, ಕುರ್ಚಿ ಎಳೆದು, ಕೂಡಿರಿ ಎಂದು ಆಕೆಗೆ ಹೇಳಿದ. ಆಕೆ ಕೂಡಲಿಲ್ಲ. ತಾನು ಯಾರ ಹೆಂಡತಿ ಎಂದು ಹೇಳಿದಳು. ಆಮೇಲೆ ಎಲ್ಲರ ಎದುರು ತಿರುಗಿ ನಿಂತು, ನನಗೆ ತೋರಿಸಿದ ಬೆನ್ನನ್ನು ಅಪ್ಪನಿಗೆ ತೋರಿಸಿದಳು. ನಮ್ಮ ಕಡೆಯ ಒಬ್ಬ ಮರ್ಯಾದಸ್ಥ ಹೆಣ್ಣುಮಗಳಿಗೆ ಅದಕ್ಕಿಂತ ಸಾವು ಸುಲಭ.

“ಸಾಹೇಬ್ರ, ಸಾಲ ಕೊಡೂ ಮುಂದ ಜಾಮೀನದಾರನ ಹೊಲ ನೋಡ್ತೀರಿ, ಮನಿ ನೋಡ್ತೀರಿ,” ಎಂದಳು. “ಈ ಜಾಮೀನಿಗಿ ಏನ ನೋಡಿದ್ರಿ?”

ಅಪ್ಪ ಮೇಜಿನ ಅಂಚು ಹಿಡಿದುಕೊಂಡು ನಿಂತ. ಆಕೆ ಸೆರಗು ಸರಿ ಮಾಡಿಕೊಂಡು, ಐದರ ಬಸ್ಸಿಗೆ ಹೋಗಬೇಕು, ಅವರು ಎದ್ದು ಚಹಾ ಕೇಳುವ ಹೊತ್ತು ಮೀರಿದೆ ಎಂದಳು. ಹೋಗಬೇಡಿ, ನಮ್ಮ ಮನೆಯಲ್ಲಿಯೇ ಇರಿ ಎಂದು ಅಪ್ಪ ಎರಡು ಸಲ ಹೇಳಿದ. ಆಕೆ ನಕ್ಕಳು. ಇಷ್ಟು ವರ್ಷ ಎಲ್ಲರನ್ನೂ ಕಳಿಸಿ ಇವತ್ತು ಇರು ಎಂದರೆ ಹೇಗೆ ಇರಲಿ ಎಂದು ಕೇಳಿ ಹೊರಟುಹೋದಳು. ಹೋದ ಮೇಲೆ ಆಕೆಗೆ ಏನು ಬಿತ್ತು ಎಂಬುದು ಮುಂದೆ ಆರು ತಿಂಗಳು ಬಿಟ್ಟು ತಿಳಿಯಿತು. ಅದನ್ನು ಇಲ್ಲಿ ಬರೆಯುವ ಶಕ್ತಿ ನನಗಿಲ್ಲ. ಬದುಕಿದಳು ಎಂದಷ್ಟೇ ಹೇಳುತ್ತೇನೆ.

ಅಪ್ಪ ಬ್ಯಾಂಕಿಗೆ ರಜೆ ಹಾಕಿದ. ಟ್ರಂಕು ತೆರೆದು ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಒಂದು ವಾರ ಊರೂರು ತಿರುಗಿದ. ಈ ಸಲ ಪಡಸಾಲೆಗಳಲ್ಲಿ ಕೂಡಲಿಲ್ಲ. ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು, ಕಳಿಸಿದ ಹೆಣ್ಣುಮಗಳನ್ನು ಹೆಸರು ಹಿಡಿದು ಕರೆದು, ಹೊಡೆಯುವುದು ನಿಂತಿದೆಯೇ ಎಂದು ಕೇಳಿದ. ಜಮಖಂಡಿಯಲ್ಲಿ ಒಬ್ಬಾಕೆ ಅವನ ಮುಖಕ್ಕೆ ಬಾಗಿಲು ಹಾಕಿದಳು. ಸಾವಳಗಿಯ ಹಲ್ಲಿಲ್ಲದಾಕೆ ಚಹಾ ಕೊಟ್ಟು, ನೀವು ಬಂದು ಹೋದ ವಿಷಯಕ್ಕೆ ಇವತ್ತು ಮತ್ತೆ ಬೀಳುತ್ತವೆ, ಬೇಗ ಹೋಗಿರಿ ಎಂದಳಂತೆ. ಬೀಳಗಿಯಲ್ಲಿ ಒಂದು ಮನೆಯ ಗೋಡೆಯ ಮೇಲೆ ಫೋಟೋ ಇತ್ತು, ಅದಕ್ಕೆ ಹಾರ ಇತ್ತು. ಸ್ಟೋವ್ ಸಿಡಿದು ಸತ್ತಳು ಎಂದರು. ಅಪ್ಪ ಆಕೆಯನ್ನು ಕಳಿಸಿ ಎರಡು ವರ್ಷವೂ ಆಗಿರಲಿಲ್ಲ. ಜಾಮೀನಿಗೆ ಸಹಿ ಹಾಕಿದ ಆ ಓಣಿಯ ಹಿರಿಯನನ್ನು ಕೇಳಿದರೆ, ಅದಕ್ಕೆ ನಾನೇನು ಮಾಡಲಿ, ಗ್ರಹಚಾರ ಎಂದನಂತೆ. ಅಪ್ಪ ಮನೆಗೆ ಬಂದು ಬಚ್ಚಲಿಗೆ ಹೋದ. ಬಹಳ ಹೊತ್ತು ನೀರಿನ ಸದ್ದು ಕೇಳುತ್ತಿತ್ತು. ಅಳುವ ಸದ್ದು ಅದರಲ್ಲಿ ಮುಚ್ಚಿಹೋಗಲಿಲ್ಲ. ನನಗೆ ಕನಿಕರ ಬರಲಿಲ್ಲ. ಅಳಲಿ ಎಂದುಕೊಂಡೆ.

ನನ್ನ ಗಂಡ ಎರಡನೆಯ ಶನಿವಾರ ಹನ್ನೊಂದು ಗಂಟೆಗೆ ಜೀಪಿನಲ್ಲಿ ಬಂದ. ಜೊತೆಗೆ ಇಬ್ಬರು ಗೆಳೆಯರು. ಕೈಯಲ್ಲಿ ಬಾಂಡ್ ಕಾಗದದ ಝೆರಾಕ್ಸು. ಸುತ್ತ ಮನೆಗಳಲ್ಲಿ ಪವರ್‌ಲೂಮ್‌ಗಳು ಓಡುತ್ತಿದ್ದವು. ನಮ್ಮ ಓಣಿಯಲ್ಲಿ ಹಗಲು ಹೊತ್ತು ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಬೇಕು. ಅಪ್ಪ ಬನಿಯನ್ನಿನ ಮೇಲೆಯೇ ಬಾಗಿಲಿಗೆ ಹೋಗಿ ಅಡ್ಡ ನಿಂತ. ನಾನು ಒಳಗೆ, ಅವನ ಬೆನ್ನ ಹಿಂದೆ. ಅವ್ವ ನನ್ನ ಸೆರಗು ಹಿಡಿದಿದ್ದಳು.

ಅವನು ಕಾಗದವನ್ನು ಅಪ್ಪನ ಮುಖದ ಮುಂದೆ ಹಿಡಿದು, ಇದು ನಿಮ್ಮ ಸಹಿ ಹೌದೋ ಅಲ್ಲವೋ ಎಂದು ಕೂಗಿ ಕೇಳಿದ. ಮಗಳು ಮನೆ ಬಿಟ್ಟು ಬರುವುದಿಲ್ಲ ಎಂದು ಹೊಣೆ ಹೊತ್ತವರು ನೀವು, ಈಗ ಕಳಿಸಿರಿ ಎಂದ. ಸಹಿಯ ವಿಷಯದಲ್ಲಿ ಅಪ್ಪ ಎಂಥವನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೂ ಗೊತ್ತಿತ್ತು. ಈ ಮನುಷ್ಯ ಮೂರನೆಯ ಸಲವೂ ಕಳಿಸುತ್ತಾನೆ, ಈ ಸಲ ನಾನು ಸಾಯುತ್ತೇನೆ ಎಂದುಕೊಂಡೆ.

“ಸಹಿ ನಂದ,” ಎಂದ ಅಪ್ಪ. “ನಾ ಮಾತ ಮುರದೇನಿ. ನನ್ನ ಮಗಳನ್ನ ಕಳಸಂಗಿಲ್ಲ.”

ಅವನು ಅಪ್ಪನ ಕಪಾಳಕ್ಕೆ ಹೊಡೆದ. ಕನ್ನಡಕ ಹಾರಿ ಹೊರಗೆ ಕಟ್ಟೆಯ ಮೇಲೆ ಬಿತ್ತು. ಖರೆ ಹೇಳುತ್ತೇನೆ, ಆ ಮೊದಲ ಏಟು ಬಿದ್ದಾಗ ನನ್ನ ಹೊಟ್ಟೆ ತಣ್ಣಗಾಯಿತು. ತಿಳಿಯಿತೇ ಈಗ ಎಂದು ಕೇಳಬೇಕೆನಿಸಿತು. ಅಪ್ಪ ಬಾಗಿಲಿನಿಂದ ಸರಿಯಲಿಲ್ಲ. ಎರಡನೆಯದು ಪೈಪಿನ ಏಟು, ದವಡೆಗೆ; ಈ ಸಲ ಆ ಕರಿಯ ತುಂಡಲ್ಲ, ಗೆಳೆಯ ಜೀಪಿನಿಂದ ತಂದುಕೊಟ್ಟ ಕಬ್ಬಿಣದ ಪೈಪು. ಮೂರನೆಯದೂ ಅಲ್ಲಿಗೇ. ಒಣಗಿದ ಕಬ್ಬು ಮುರಿದ ಹಾಗೆ ಸದ್ದು. ಅಪ್ಪ ಹೊಸ್ತಿಲ ಮೇಲೆ ಬಿದ್ದ. ಬಿದ್ದವನು ನನ್ನ ಗಂಡನ ಕಾಲನ್ನು ಎರಡೂ ತೋಳಿನಿಂದ ತಬ್ಬಿ ಹಿಡಿದ. ಒಳಗೆ ಬರಬಾರದು, ಅಷ್ಟೇ ಅವನ ಹಟ. ಗೆಳೆಯರಿಬ್ಬರು ಅಪ್ಪನ ಪಕ್ಕೆಗೆ ಒದೆಯತೊಡಗಿದರು. ಬೂಟುಗಾಲು. ಅಪ್ಪ ಪ್ರತಿ ಒದೆತಕ್ಕೂ ಕಣ್ಣು ಮುಚ್ಚುತ್ತಿದ್ದ, ಹಿಡಿತ ಬಿಡುತ್ತಿರಲಿಲ್ಲ. ನಾನು ಹಾಕಿದ ಶಾಪ ನನ್ನ ಕಣ್ಣ ಮುಂದೆಯೇ ಫಲಿಸುತ್ತಿತ್ತು. ನನ್ನ ಸಂತೋಷ ಎಲ್ಲಿ ಹೋಯಿತೋ ಗೊತ್ತಿಲ್ಲ.

ಬಚ್ಚಲ ಒಲೆ ಕೆದಕುವ ಕಬ್ಬಿಣದ ಸಲಾಕೆ ಗೋಡೆಗೆ ಆನಿಸಿತ್ತು. ಅದನ್ನು ತೆಗೆದುಕೊಂಡು ಬಂದು, ಪೈಪು ಹಿಡಿದ ಅವನ ಕೈಯ ಮೇಲೆ ಮೇಲಿನಿಂದ ಇಳಿಸಿದೆ. ಬೆರಳುಗಳು ಮುರಿದದ್ದು ನನ್ನ ಅಂಗೈಗೆ ತಿಳಿಯಿತು. ಅವನು ಕೂಗಿದ. ಮತ್ತೆ ಹೊಡೆದೆ, ಮೊಣಕಾಲಿಗೆ. ಅವನು ಅಪ್ಪನ ಪಕ್ಕದಲ್ಲಿಯೇ ಕುಸಿದ. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ನಾನು ನಿಲ್ಲಿಸಲಿಲ್ಲ. ಬಿದ್ದವನನ್ನು ಹೆಗಲಿಗೆ, ತೊಡೆಗೆ, ಕೈ ಅಡ್ಡ ಹಿಡಿದರೆ ಆ ಕೈಗೆ, ಎಲ್ಲಿ ಸಿಕ್ಕಿತೋ ಅಲ್ಲಿ ಹೊಡೆದೆ. ಗೆಳೆಯರು ಯಾವಾಗ ಓಡಿದರೋ ನೋಡಲಿಲ್ಲ. ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು, ನಮ್ಮ ಮನೆಯ ಸದ್ದು ಓಣಿಗೆಲ್ಲ ಕೇಳಿತು. ಜನ ಓಡಿ ಬರುವಷ್ಟರಲ್ಲಿ ಅವ್ವ ನನ್ನ ಕೈಯಿಂದ ಸಲಾಕೆ ಕಿತ್ತುಕೊಂಡು ಅಪ್ಪನ ಪಕ್ಕದಲ್ಲಿ ಒಗೆದಿದ್ದಳು. ಹಾಗಾಗಿ, ಹೊಡೆದದ್ದನ್ನು ನೋಡಿದವರು ಮನೆಯವರನ್ನು ಬಿಟ್ಟರೆ ಅವನು, ಮತ್ತೆ ಓಡಿಹೋದ ಆ ಇಬ್ಬರು; ಅಪ್ಪನನ್ನು ಒದ್ದದ್ದಕ್ಕೆ ತಾವೂ ಸಿಕ್ಕಿಬೀಳುತ್ತೇವೆಂದು ಅವರು ಸಾಕ್ಷಿ ಹೇಳಲು ಬರಲಿಲ್ಲ.

ಅಪ್ಪನನ್ನು ಜಮಖಂಡಿಯ ದವಾಖಾನೆಯಲ್ಲಿ ಇಟ್ಟರು. ದವಡೆಗೆ ತಂತಿ ಕಟ್ಟಿದ್ದರು, ನಾಲ್ಕು ಪಕ್ಕೆಲುಬು ಮುರಿದಿದ್ದವು. ಮಾತು ಇಲ್ಲ. ಮೂರನೆಯ ದಿನ ಹವಾಲ್ದಾರ ಬಂದ. ಹೆಂಡತಿ ತನ್ನನ್ನು ಕೊಲ್ಲಲು ಸಲಾಕೆಯಿಂದ ಹೊಡೆದಳು ಎಂದು ನನ್ನ ಗಂಡ ಅವನ ದವಾಖಾನೆಯ ಹಾಸಿಗೆಯಿಂದ ದೂರು ಬರೆಸಿದ್ದ. ಬಲಗೈಯ ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಹವಾಲ್ದಾರ ನನ್ನ ಕಡೆ ನೋಡಿದ. ನಾನು ಒಪ್ಪಿಕೊಳ್ಳಲು ತಯಾರಾಗಿಯೇ ಇದ್ದೆ. ಹೇಳಲು ಬಾಯಿ ತೆರೆದೆ. ಅಪ್ಪ ಹಾಸಿಗೆಯ ಮೇಲಿನಿಂದ ನನ್ನ ಮಣಿಕಟ್ಟು ಹಿಡಿದ. ಮುರಿದು ಕೂಡಿದ ಅದೇ ಎಡ ಮಣಿಕಟ್ಟು. ನೋವಾಗುವಷ್ಟು ಗಟ್ಟಿಯಾಗಿ ಒತ್ತಿದ. ಇನ್ನೊಂದು ಕೈಯಿಂದ ಹವಾಲ್ದಾರನ ಹತ್ತಿರ ಕಾಗದ, ಪೆನ್ನು ಕೇಳಿದ.

ಅಪ್ಪನ ಅಕ್ಷರ ಮುತ್ತಿನ ಹಾಗೆ. ಮಲಗಿಕೊಂಡು ಬರೆದರೂ ಸಾಲು ಡೊಂಕಾಗಿರಲಿಲ್ಲ. ಅಳಿಯನನ್ನು ಸಲಾಕೆಯಿಂದ ಹೊಡೆದವನು ನಾನು, ಕೆಳಗೆ ಬಿದ್ದ ಮೇಲೂ ಹೊಡೆದೆ, ನನ್ನ ಮಗಳು ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ಇದ್ದಳು, ಆಕೆ ಏನನ್ನೂ ಮಾಡಿಲ್ಲ. ಹವಾಲ್ದಾರ ಓದಿ, ಅಪ್ಪನ ಸಣಕಲು ತೋಳು ನೋಡಿ, ತಂತಿ ಕಟ್ಟಿದ ದವಡೆ ನೋಡಿದ.

“ಸಾಹೇಬ್ರ, ಇದಕ್ಕ ನೀವು ಸಹಿ ಹಾಕಿದ್ರ ನೌಕರಿ ಹೊಕ್ಕೈತ್ರಿ,” ಎಂದ. “ಹೆಸರೂ ಹೊಕ್ಕೈತಿ.”

ಅಪ್ಪ ಕಾಗದ ತಿರುಗಿ ತೆಗೆದುಕೊಂಡು ಪೂರ್ತಿ ಹೆಸರಿನ ಸಹಿ ಹಾಕಿದ. ಅವನು ಮಾಡಿದ ಸುಳ್ಳು ಸಹಿ ಅದೊಂದೇ ಇರಬೇಕು. ಆಮೇಲೆ ನನ್ನ ಮಣಿಕಟ್ಟು ಬಿಟ್ಟ. ಅವನ ಬೆರಳಿನ ಗುರುತು ಸಂಜೆಯ ತನಕ ಇತ್ತು.

ನೌಕರಿ ಹೋಯಿತು, ನಿವೃತ್ತಿಗೆ ಒಂದು ವರ್ಷ ಇರುವಾಗ. ಐದು ವರ್ಷ ಕೋರ್ಟಿಗೆ ತಿರುಗಿದೆವು. ಪ್ರತಿ ತಾರೀಖಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಪ್ಪ ಆರೋಪಿಯ ಜಾಗದಲ್ಲಿ ನಿಲ್ಲುತ್ತಿದ್ದ. ಪಡಸಾಲೆಯಲ್ಲಿ ಅವನ ಎದುರು ತಲೆ ತಗ್ಗಿಸಿ ಸಹಿ ಹಾಕಿದ ಗಂಡಂದಿರಲ್ಲಿ ಕೆಲವರು ಅದನ್ನು ನೋಡಲೆಂದೇ ಬಂದು ಹಿಂದೆ ಕೂತು ನಗುತ್ತಿದ್ದರು. ಕೊನೆಗೆ ವಕೀಲರು ಎರಡೂ ಕಡೆ ರಾಜಿ ಮಾಡಿಸಿ ನನಗೆ ವಿಚ್ಛೇದನ ಕೊಡಿಸಿದರು. ನಾನು ಬಿ.ಎಡ್. ಮಾಡಿಕೊಂಡು ಇಲ್ಲಿಯ ಸಾಲೆಯೊಂದರಲ್ಲಿ ಕಲಿಸತೊಡಗಿದೆ. ಅಪ್ಪ ನನಗೆ ಕ್ಷಮೆ ಕೇಳಲಿಲ್ಲ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಸಾಲೆಯ ತನಕ ಬರುತ್ತಿದ್ದ, ಕರೆಯಬೇಕಾದರೆ ನನ್ನ ಬಲಗಡೆಗೆ ಬಂದು ನಿಂತು ಕರೆಯುತ್ತಿದ್ದ. ಜಾಮೀನಿನ ನ್ಯಾಯವನ್ನು ಮತ್ತೆ ಮಾಡಲಿಲ್ಲ. ಹೊಡೆತ ತಿಂದು ಬಂದವರನ್ನು ಸ್ಕೂಟರಿನ ಮೇಲೆ ಕೂಡಿಸಿಕೊಂಡು ತಾನೇ ಪೊಲೀಸ್ ಠಾಣೆಗೆ, ವಕೀಲರ ಮನೆಗೆ ಕರೆದುಕೊಂಡು ಹೋಗುತ್ತಿದ್ದ. ಮೊದಲಿನಷ್ಟು ಜನ ಬರುತ್ತಿರಲಿಲ್ಲ. ತಾನೇ ಹೊಡೆಯುವವನು ಮಂದಿಗೆ ಏನು ಬುದ್ಧಿ ಹೇಳುತ್ತಾನೆ ಎಂದು ಗಂಡಸರು ಆಡಿಕೊಳ್ಳುತ್ತಿದ್ದರು. ಅದು ಅವನ ಕಿವಿಗೂ ಬೀಳುತ್ತಿತ್ತು. ನಾನು ಹೇಳಿಬಿಡುತ್ತೇನೆ ಎಂದು ಎಷ್ಟು ಸಲ ಎದ್ದರೂ, ಸುಮ್ಮನ ಕುಂದ್ರ ಎಂದು ಕಣ್ಣಲ್ಲೇ ಕೂಡಿಸುತ್ತಿದ್ದ.

ಹೋದ ಶ್ರಾವಣದಲ್ಲಿ ಅಪ್ಪ ತೀರಿಕೊಂಡ. ಮಣ್ಣಿಗೆ ಬಂದವರು ಕಟ್ಟೆಯ ಮೇಲೆ ಕೂತು ಅವನ ಗುಣ ಹೇಳಿದರು, ನೀರಿನ ನಳ ನೆನೆಸಿದರು, ರಕ್ತ ಕೊಟ್ಟದ್ದನ್ನು ನೆನೆಸಿದರು. ದೊಡ್ಡ ಮನುಷ್ಯ, ಒಂದೇ ಒಂದು ಸಲ ಸಿಟ್ಟಿನಲ್ಲಿ ಅಳಿಯನ ಮೇಲೆ ಕೈ ಎತ್ತಿ ತಪ್ಪು ಮಾಡಿದ ಎಂದರು. ಅವ್ವ ನನ್ನ ಕೈ ಹಿಡಿದಿದ್ದಳು, ನಾನು ಅವತ್ತು ಸುಮ್ಮನೆ ಕೂತೆ. ಈಗ ಕೂಡುವುದಿಲ್ಲ. ಅಪ್ಪನ ತಪ್ಪು ಅದಲ್ಲ. ಬೀಳಗಿಯ ಆ ಹೆಣ್ಣುಮಗಳನ್ನು ಕಳಿಸಿದ್ದು ಅಪ್ಪನ ತಪ್ಪು. ಎರಡು ಸಲ ನನ್ನನ್ನು ಬಸ್ಸಿಗೆ ಹತ್ತಿಸಿದ್ದು ಅಪ್ಪನ ತಪ್ಪು. ಹೊಡೆದದ್ದು ನಾನು.